ಗೋಣು ಹಾಕುವ ಸಾಹೇಬರು

ಕರೋಶಿಯಲ್ಲಿ ದನಗಳಿಗೆ ಕಾಲುಬಾಯಿ ರೋಗದ ಲಸಿಕೆ ಹಾಕುತ್ತಿದ್ದೆ. ನನ್ನ ಕೆಲಸ ನೋಡಲು ಬೆಂಗಳೂರಿನಿಂದ ಸಾಹೇಬರೊಬ್ಬರು ಬಂದಿದ್ದರು. ಯಾರು ಏನೇ ಕೇಳಲಿ, ಮೊಬೈಲಿನಿಂದ ಕಣ್ಣೆತ್ತದೆ ಗೋಣು ಹಾಕಿ "ಅಬ್ಸಲ್ಯೂಟ್ಲಿ" ಅನ್ನುವುದು ಅವರ ಚಟ. ಬರೀ ಹೌದು ಅಂದರೆ ತೂಕ ಇಳಿಯುತ್ತಿತ್ತೇನೋ!

ಸಾಲಿನ ಮೊದಲಿಗಿದ್ದ ಅಜ್ಜಿ ನನ್ನನ್ನು ಬಿಟ್ಟು, ಇಸ್ತ್ರಿ ಅಂಗಿಯವರನ್ನೇ ಕೇಳಿದಳು: "ಸಾಹೇಬ್ರ, ನಮ್ಮ ಎಮ್ಮಿ ಆರ ತಿಂಗಳ ಗಬ್ಬ ಐತ್ರಿ. ಸೂಜಿ ಮಾಡಿದ್ರ ಗಬ್ಬ ಹೋಗತೈತೇನ್ರಿ?"

"ಅಬ್ಸಲ್ಯೂಟ್ಲಿ!" ಗೋಣು ಮೂರು ಸಲ ಆಡಿತು.

ಅಜ್ಜಿ ಎಮ್ಮೆ ಹೊಡೆದುಕೊಂಡು ಹೊರಟೇಬಿಟ್ಟಳು. ಹಿಂದಿನ ಸಾಲೆಲ್ಲ ಅವಳ ಬೆನ್ನು ಹತ್ತಿತು. "ಏನೂ ಆಗಂಗಿಲ್ಲ ಆಯಿ, ನಿಲ್ಲಬೇ!" ಎಂದು ಓಡಿಹೋಗಿ, ಎಮ್ಮೆಗೆ ಅಡ್ಡ ನಿಂತು, ತಿಳಿಸಿ ಹೇಳಿ ಎಲ್ಲರನ್ನೂ ಕರೆತಂದೆ.

ಮನೆಮನೆಗೆ ಬಂದು, ಕೇಳಿದ್ದಕ್ಕೆಲ್ಲ ಗೋಣು ಹಾಕುವ ಸಿಂಗಾರದ ಎತ್ತಿಗೆ ನಮ್ಮ ಕಡೆ ನಂದಿಬೈಲ ಅನ್ನುತ್ತಾರೆ. ಸೂಜಿ ಮುಗಿದ ಮೇಲೆ ಅಜ್ಜಿ ಸಾಹೇಬರನ್ನು ಅಡಿಯಿಂದ ಮುಡಿವರೆಗೆ ನೋಡಿದಳು. "ನಂದಿಬೈಲ ಸೈತ ಒಮ್ಮೊಮ್ಮೆ ಇಲ್ಲಂತ ಗೋಣ ಅಲ್ಲಾಡಸತೈತಿ" ಎಂದು ನಡೆದಳು.

ಸಾಹೇಬರು ಮೊದಲ ಬಾರಿಗೆ ಕಣ್ಣೆತ್ತಿದರು. "ನಂದಿಬೈಲ ಅಂದ್ರೆ ಏನ್ರೀ? ಹೊಗಳಿದ್ರು ತಾನೆ?"

ನಾನೂ ಗೋಣು ಹಾಕಿದೆ. "ಅಬ್ಸಲ್ಯೂಟ್ಲಿ, ಸರ್."