ಋಜುಪಥದಲ್ಲೊಂದು ಕ್ಷಮಾಪಣೆ ಪತ್ರ

‘ನಾನು ಸುಳ್ಳು ಹೇಳಿದ್ದೇನೆ. ಇನ್ನು ಮುಂದೆ ಹೇಳುವುದಿಲ್ಲ. ದಯವಿಟ್ಟು ಕ್ಷಮಿಸಿ.’

ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಹೋದ ತಿಂಗಳು ದುಂಡಗಿನ ಅಕ್ಷರದಲ್ಲಿ ಹೀಗೆ ಬರೆದು ಸಹಿ ಹಾಕಿದಳು. ಆ ಇಡೀ ಪ್ರಕರಣದಲ್ಲಿ ಅವಳು ಹೇಳಿದ ಒಂದೇ ಒಂದು ಸುಳ್ಳು ಅದು. ಹೇಳಿಸಿದವರು ದೊಡ್ಡವರು.

ಹುಡುಗಿ ಸಿಂಚನ, ನನ್ನ ತಂಗಿಯ ಮಗಳು. ತಂಗಿಯನ್ನು ಕೊಟ್ಟಿರುವುದು ಮದ್ದೂರು ತಾಲ್ಲೂಕಿನ ಆತಗೂರು ಕಡೆಗೆ. ಅಲ್ಲಿ ಹತ್ತಿರದಲ್ಲೇ ಒಂದು ಖಾಸಗಿ ಶಾಲೆ, ಹೆಸರು ಋಜುಪಥ. (ನಿಜವಾದ ಹೆಸರು ಬೇರೆ. ಅರ್ಥ ಮಾತ್ರ ಇದೇ.) ಮೂರು ವರ್ಷದ ಹಿಂದೆ ತಂಗಿ ಸಲಹೆ ಕೇಳಿದಾಗ ನಾನು ಕಟ್ಟಡ ನೋಡಲಿಲ್ಲ, ಮೇಷ್ಟ್ರುಗಳನ್ನು ವಿಚಾರಿಸಲಿಲ್ಲ. ಹೆಸರು ಕೇಳಿಯೇ ಮನಸೋತೆ. ‘ಇಂಥ ಹೆಸರು ಇಟ್ಟವರು ಯೋಚನೆ ಮಾಡಿಯೇ ಇಟ್ಟಿರ್ತಾರೆ ಕಣೇ, ಸೇರಿಸು’ ಅಂದೆ.

ಅಷ್ಟಕ್ಕೇ ಬಿಡಲಿಲ್ಲ. ಪೇಪರಿಗೆ ಬರೆಯುವವನು ಅಂತ ಕರೆದರು, ಮರುವರ್ಷ ಸ್ಕೂಲ್ ಡೇಗೆ ಅತಿಥಿಯಾಗಿ ಹೋಗಿ ಆ ಹೆಸರಿನ ಮೇಲೇ ಅರ್ಧ ಗಂಟೆ ಭಾಷಣ ಬಿಗಿದೆ. ಋಜು ಅಂದರೆ ನೇರ. ನೇರ ನಡೆಯಿರಿ, ನೇರ ನುಡಿಯಿರಿ. ಚಪ್ಪಾಳೆ ಬಿತ್ತು. ಸಿಂಚನ ಎರಡನೇ ಸಾಲಿನಲ್ಲಿ ಕೂತಿದ್ದಳು. ಕೇಳುವವರಲ್ಲಿ ಒಬ್ಬರಾದರೂ ನಮ್ಮ ಮಾತನ್ನು ನಂಬಿಬಿಡಬಹುದು ಅನ್ನೋದು ಭಾಷಣಕಾರರಿಗೆ ಯಾಕೆ ಹೊಳೆಯುವುದಿಲ್ಲ?

ಹೋದ ತಿಂಗಳು ಶಾಲೆ ನೋಡಲು ಅಧಿಕಾರಿಗಳು ಬಂದರು. ಅವರಲ್ಲೊಬ್ಬ ಮೇಡಂ ಎಂಟನೇ ಕ್ಲಾಸಿನವರನ್ನು ಲ್ಯಾಬಿನಲ್ಲಿ ನಿಲ್ಲಿಸಿ, ‘ಪ್ರಯೋಗ ಎಲ್ಲ ಮಾಡ್ತೀರಾ?’ ಅಂತ ಕೇಳಿದರು. ಎಲ್ಲರೂ ಒಂದೇ ದನಿಯಲ್ಲಿ ‘ಎಸ್ ಮೇಡಂ’.

ಸಿಂಚನ ಕೈ ಎತ್ತಿದಳು. ‘ಇಲ್ಲ ಮೇಡಂ. ನಮಗೋಸ್ಕರ ಈ ರೂಮಿನ ಬೀಗ ತೆಗೆದಿರೋದು ಇವತ್ತೇ ಮೊದಲು. ಸಾಮಾನು ನಿನ್ನೆ ಆಟೋದಲ್ಲಿ ಬಂತು.’

ಮಾರನೆಯ ದಿನ ಅಪ್ಪ ಅಮ್ಮನಿಗೆ ಬುಲಾವ್ ಬಂತು. ತಂಗಿ ಹೆದರಿ ನನಗೆ ಫೋನ್ ಮಾಡಿದಳು. ಮಂಡ್ಯದಿಂದ ಬಸ್ಸು ಹತ್ತಿ ಹೋದೆ. ದಾರಿಯುದ್ದಕ್ಕೂ ಖುಷಿಯಾಗಿಯೇ ಇದ್ದೆ. ಶಾಲೆಯವರು ಸ್ವಲ್ಪ ಗದರುತ್ತಾರೆ, ನಾನು ನಾಲ್ಕು ಮಾತು ಹೇಳುತ್ತೇನೆ, ಮುಗಿಯಿತು ಅಂದುಕೊಂಡಿದ್ದೆ.

ಪ್ರಿನ್ಸಿಪಾಲರು ಒಳ್ಳೆಯ ಮನುಷ್ಯ. ಕಾಫಿ ತರಿಸಿದರು. ದನಿ ಏರಿಸಲಿಲ್ಲ.

‘ಅವಳು ಹೇಳಿದ್ದು ನಿಜ ತಾನೇ ಸರ್?’ ಅಂದೆ.

‘ನಿಜ ಸುಳ್ಳಿನ ಪ್ರಶ್ನೆ ಅಲ್ಲ ಸರ್ ಇದು. ವ್ಯಾಲ್ಯೂಸ್ ಪ್ರಶ್ನೆ. ತನ್ನ ಸಂಸ್ಥೇನ ಬಿಟ್ಟುಕೊಡಬಾರದು ಅನ್ನೋದು ಮಕ್ಕಳಿಗೆ ಗೊತ್ತಿರಬೇಕು.’

ಕಾಫಿ ಲೋಟ ಕೈಯಲ್ಲೇ ಉಳಿಯಿತು. ವ್ಯಂಗ್ಯ ಮಾಡುತ್ತಿದ್ದಾರಾ ಅಂತ ಮುಖ ನೋಡಿದೆ. ಇಲ್ಲ, ಮನಸಾರೆ ನಂಬಿಯೇ ಹೇಳುತ್ತಿದ್ದರು. ಮೌಲ್ಯಕ್ಕೂ ಸತ್ಯಕ್ಕೂ ಡೈವೋರ್ಸ್ ಆಗಿ ಎಷ್ಟು ಕಾಲವಾಯಿತು? ನನಗೆ ತಿಳಿದೇ ಇರಲಿಲ್ಲ.

‘ಒಂದು ಅಪಾಲಜಿ ಲೆಟರ್ ಬರೆದುಕೊಡಲಿ. ಇಲ್ಲವಾದರೆ ಟೀಸಿ.’ ಬಿಳಿ ಹಾಳೆಯನ್ನು ಸಿಂಚನಳ ಮುಂದೆ ತಳ್ಳಿದರು.

ಅವಳಪ್ಪ, ನನ್ನ ಭಾವಮೈದ, ನೆಲ ನೋಡುತ್ತಾ ಹೇಳಿದ: ‘ಬರ್ದ್‌ಬುಡವ್ವ. ಒಂದ್ ಲೈನ್ ತಾನೆ.’

ಇನ್ನು ನಾನು. ಇದನ್ನು ಇಲ್ಲಿ ಬರೆಯದೆ ಬಿಡಬಹುದಿತ್ತು. ನಾನೂ ಹೇಳಿದೆ, ‘ಬರಿ ಪುಟ್ಟಿ. ವರ್ಷದ ಮಧ್ಯ ಎಲ್ಲಿಗೆ ಹೋಗ್ತೀಯ?’

ಸಿಂಚನ ಅಳಲಿಲ್ಲ. ಪೆನ್ನಿನ ಕ್ಯಾಪು ತೆಗೆದು ನನ್ನನ್ನು ಕೇಳಿದಳು, ‘ಮಾವ, ಯಾವ ಸುಳ್ಳು ಅಂತ ಬರೀಲಿ?’

ಮೂವರು ಗಂಡಸರು, ಮೂವರೂ ಡಿಗ್ರಿ ಮಾಡಿದವರು. ಪ್ರಿನ್ಸಿಪಾಲರು ಹಾಳೆಯನ್ನು ಇನ್ನಷ್ಟು ಮುಂದೆ ಸರಿಸಿದರು. ತಂಗಿ ಸೆರಗಿನ ತುದಿ ಹಿಡಿದು ಕಿಟಕಿಯ ಕಡೆ ತಿರುಗಿದಳು. ಯಾವುದು ಅಂತ ಹೇಳದೆಯೇ ಮಗು ಬರೆದು ಮುಗಿಸಿತು.

ವಾಪಸು ಬಂದು ಹೊಳಲಿನಲ್ಲಿರುವ ನಮ್ಮವ್ವನಿಗೆ ವಿಷಯ ಹೇಳಿದೆ. ಅವ್ವ ಓದಿದ್ದು ಎರಡನೇ ಕ್ಲಾಸು. ‘ಯಾನ್ಲಾ, ಇಷ್ಟ್ ಜನ ದೊಡ್ಡೋರು ಸೇರ್ಕಂಡು ಒಂದ್ ಎಣ್ ಮಗೀನ್ ಕೈಲಿ ಸುಳ್ ಬರುಸ್ಬುಟ್ಟು ಬಂದ್ರಾ? ನಾಚ್ಕೆ ಆಗ್ನಿಲ್ವಾ?’ ಅಂದಳು.

ಸೋಮವಾರ ಸಿಂಚನ ಸ್ಕೂಲಿಗೆ ಹೊರಡಲಿಲ್ಲ. ಹಟ ಇಲ್ಲ, ಜ್ವರದ ನೆಪ ಇಲ್ಲ. ‘ಅಲ್ಲಿಗೆ ಹೋಗಲ್ಲ’ ಅಂದಳು, ಅಷ್ಟೇ. ಮೂರು ದಿನ ಬೈದು, ರಮಿಸಿ ಸಾಕಾದ ಭಾವಮೈದ ನಾಲ್ಕನೆಯ ದಿನ ತಾನೇ ಹೋಗಿ ಟೀಸಿ ತಂದ. ಬರುವಾಗ ಒಂದು ಮಾತು ಆಡಿ ಬಂದನಂತೆ. ‘ನನ್ ಮಗ್ಳು ಸುಳ್ ಹೇಳಿಲ್ಲ ಸಾರ್. ಅವತ್ತು ನಾನ್ ಹೇಳ್ಬೇಕಿತ್ತು, ಬಾಯಿ ಬರ್ನಿಲ್ಲ.’

ಈಗ ಅವಳು ಸರ್ಕಾರಿ ಪ್ರೌಢಶಾಲೆಯಲ್ಲಿದ್ದಾಳೆ. ಆ ಶಾಲೆಗೆ ಊರಿನ ಹೆಸರು ಬಿಟ್ಟರೆ ಇನ್ನೊಂದು ಹೆಸರಿಲ್ಲ. ಮೊದಲ ದಿನವೇ ವಿಜ್ಞಾನದ ಟೀಚರ್ ಬೀರು ತೆರೆದು, ‘ಇರೋದು ಎರಡು ಲೆನ್ಸು, ಒಂದು ಥರ್ಮಾಮೀಟರು. ಸರದಿ ಮೇಲೆ ನೋಡೋಣ’ ಅಂದರಂತೆ.

ಮೊನ್ನೆ ಭಾನುವಾರ ಸಿಕ್ಕಾಗ ಕೇಳಿದೆ, ‘ಪುಟ್ಟಿ, ಇದನ್ನ ಪೇಪರಿನಲ್ಲಿ ಬರೀಲಾ?’

‘ಬರಿ ಮಾವ. ನೀನೂ ಅಲ್ಲೇ ಕೂತಿದ್ದೆ ಅನ್ನೋದನ್ನ ಮಾತ್ರ ಬಿಡಬೇಡ.’