ರುಚಿ ನೋಡದೆ ಮಾಡಿದ ಅಡುಗೆ

ಸಾಸಿನ ಮೇಲೆ ಕಾರ್ಕಿನ ಚೂರೊಂದು ತೇಲುತ್ತಿತ್ತು, ಜೋಳದ ನುಚ್ಚಿನಷ್ಟು. ಚಮಚದ ತುದಿಯಿಂದ ಅದನ್ನು ಅಂಚಿಗೆ ತಳ್ಳಿ, ಬೆರಳಿನಿಂದ ತೆಗೆದು, ಬೆರಳನ್ನು ನಲ್ಲಿಯ ಕೆಳಗೆ ಹಿಡಿದೆ. ಬೇರೆ ಯಾರಾದರೂ ಆಗಿದ್ದರೆ ಆ ಬೆರಳನ್ನು ನೆಕ್ಕಿ, ಉಪ್ಪು ಸಾಕೇ ಎಂದು ನೋಡುತ್ತಿದ್ದರು.

ಬಾಟಲಿ ತೆರೆಯುವ ತಿರುಪು ನನ್ನಲ್ಲಿರಲಿಲ್ಲ. ಲಟ್ಟಣಿಗೆಯ ಹಿಡಿಯಿಂದ ಕಾರ್ಕನ್ನು ಒಳಕ್ಕೇ ನೂಕಿದ್ದೆ. ಆ ವೈನ್ ಬಾಟಲಿ ಎರಡು ವಾರದಿಂದ ಬೀರುವಿನಲ್ಲಿ ದುಪಟ್ಟಾಗಳ ಕೆಳಗೆ ಮಲಗಿತ್ತು. ತಂದುಕೊಟ್ಟವನು ನನ್ನ ಆಫೀಸಿನ ಗೆಳೆಯ. ಆಫೀಸಿನ ಕೆಲಸದ ಮೇಲೆ ಆರು ತಿಂಗಳು ಹೊರದೇಶದಲ್ಲಿದ್ದು ಹಿಂತಿರುಗುವಾಗ ವಿಮಾನ ನಿಲ್ದಾಣದಲ್ಲಿ ಕೊಂಡದ್ದು. ಆ ಶನಿವಾರ ಸಂಜೆ ಅವನು, ಆಫೀಸಿಗೆ ಹತ್ತಿರವೆಂದು ಮಣಿಕೊಂಡದಲ್ಲಿ ಬಾಡಿಗೆಗೆ ಹಿಡಿದಿದ್ದ ನನ್ನ ಮನೆಗೆ ಊಟಕ್ಕೆ ಬರುವವನಿದ್ದ. ನನ್ನ ಜೊತೆಗಿದ್ದ ಹುಡುಗಿ ವಿಜಯವಾಡಕ್ಕೆ ಹೋಗಿದ್ದಳು.

ಅವನು ರಾಯಚೂರು ಕಡೆಯವನು. ಎರಡು ವರ್ಷದ ಹಿಂದೆ ಆಫೀಸಿನ ಕ್ಯಾಂಟೀನಿನಲ್ಲಿ, "ಇಲ್ಲಬೇ ಯವ್ವಾ, ಉಂಡೀನಿ, ಹೊಟ್ಟಿ ಬಿರಿಯಂಗ ಉಂಡೀನಿ" ಎಂದು ಫೋನಿನಲ್ಲಿ ಹೇಳುತ್ತಿದ್ದುದು ಕಿವಿಗೆ ಬಿದ್ದು ತಿರುಗಿ ನೋಡಿದ್ದೆ. ಮುಂದಿದ್ದ ತಟ್ಟೆಯನ್ನು ಅವನಿನ್ನೂ ಮುಟ್ಟಿರಲಿಲ್ಲ. ಹೈದರಾಬಾದಿನಲ್ಲೇ ಹುಟ್ಟಿ ಬೆಳೆದ ನನಗೆ ಕನ್ನಡವೆಂದರೆ ಮನೆಯೊಳಗಿನ ಮಾತು. ಬಾಗಿಲು ದಾಟಿದರೆ ತೆಲುಗು, ಹಿಂದಿ. ಅಂಥ ಗಾಜಿನ ಕಟ್ಟಡದಲ್ಲಿ ಆ ಮಾತು ಕೇಳಿದಾಗ, ನಮ್ಮ ಅಡುಗೆಮನೆಯಿಂದ ಯಾರೋ ಎದ್ದು ಬಂದಂತಾಗಿತ್ತು. ಮುಂದಿನದನ್ನು ವಿವರಿಸುವುದಿಲ್ಲ. ಯಾರಿಗೂ ಹೇಳಿರಲಿಲ್ಲ ಎಂದಷ್ಟೇ ಹೇಳಿದರೆ ಸಾಕು. ನಾಂಪಲ್ಲಿಯ ವಸ್ತು ಪ್ರದರ್ಶನಕ್ಕೆ ಹೋದಾಗಲೂ, ನಮ್ಮ ಬಳಗದವರು ಯಾರಾದರೂ ಕಂಡಾರು ಎಂದು, ಅವನು ನನಗಿಂತ ಹತ್ತು ಹೆಜ್ಜೆ ಮುಂದೆ ನಡೆಯುತ್ತಿದ್ದ.

ಮರುದಿನ ಮಧ್ಯಾಹ್ನ ಗುಲಬರ್ಗಾದಿಂದ ಒಬ್ಬ ಹುಡುಗನ ತಂದೆತಾಯಿ ಹಿಮಾಯತ್‌ನಗರದ ನಮ್ಮ ಅಪ್ಪ ಅಮ್ಮನ ಮನೆಗೆ ಬರುವವರಿದ್ದರು. ಹುಡುಗ ಅಲ್ಲಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ. ಒಮ್ಮೆ ನೋಡಿಯಾಗಿತ್ತು. ಅವನ ಕಡೆಯಿಂದ ಒಪ್ಪಿಗೆಯೂ ಬಂದಿತ್ತು.

"ಐತಾರ ಮುಂಜಾನಿ ಬಂದು ಹೇಳಿಬಿಡವಾ," ಎಂದು ಅಪ್ಪ ಫೋನಿನಲ್ಲಿ ಹೇಳಿದ್ದರು. "ಹೂಂ ಅಂದ್ರ ಹೂಂ, ಬ್ಯಾಡ ಅಂದ್ರ ಬ್ಯಾಡ. ಮನಿಗೆ ಬಂದವರ ಮುಂದ ತಡವರಿಸೋದು ಛಂದ ಅಲ್ಲ."

ಹಾಗಾಗಿ ಅವನಿಂದ ನನಗೊಂದು ಮಾತು ಬೇಕಿತ್ತು, ಅದೂ ಆ ಶನಿವಾರವೇ ಬೇಕಿತ್ತು: ನಿಮ್ಮ ಮನೆಗೆ ಬಂದು ನಿಮ್ಮ ಅಪ್ಪನ ಹತ್ತಿರ ಮಾತಾಡುತ್ತೇನೆ ಎಂಬ ಮಾತು. ಗುಲಬರ್ಗಾದ ವಿಷಯ ಅವನಿಗೆ ತಿಳಿಸಿದ್ದೆ. "ಶನಿವಾರ ಕುಂತು ಮಾತಾಡೂಣು" ಎಂದಿದ್ದ.

ಈ ಮಾತು ಎತ್ತಿದಾಗಲೆಲ್ಲ ಅವನು ತಮಾಷೆ ಮಾಡುತ್ತಿದ್ದ. "ನಮ್ಮದು ತಿನ್ನೋ ಮನಿ, ನಿಮ್ಮದು ಉಳ್ಳಾಗಡ್ಡಿ ಸುದ್ದ ತಿನ್ನದ ಮನಿ. ನಿಮ್ಮಪ್ಪ ನನ್ನ ಹೊರಗಿನ ಕಟ್ಟಿ ಮ್ಯಾಲರ ಕುಂದರಸ್ತಾರೋ ಇಲ್ಲೋ! ನೀ ಆದ್ರೂ ಏನು, ನಮ್ಮ ಅಡಗಿಮನ್ಯಾಗ ಒಂದಿನ ನಿಂದ್ರು ನೋಡೂಣು, ಮೂಗು ಮುಚ್ಕೊಂಡು ಓಡ್ತಿ." ಅವನು ನಗುತ್ತ ಹೇಳಿದರೂ ನಾನು ಅದನ್ನು ಪ್ರಶ್ನೆಯೆಂದೇ ತೆಗೆದುಕೊಂಡೆ. ಪ್ರಶ್ನೆಯಾದರೆ ಅದಕ್ಕೆ ಉತ್ತರವಿರಬೇಕು, ಉತ್ತರವನ್ನು ಮಾತಿನಲ್ಲಿ ಕೊಡುವುದಕ್ಕಿಂತ ಮಾಡಿ ತೋರಿಸಬೇಕು ಎಂದುಕೊಂಡೆ.

ಹೊರದೇಶದಲ್ಲಿದ್ದಾಗ ಅವನು ಒಂದು ದಿನ, ಆಫೀಸಿನ ಚಾಟ್‌ನಲ್ಲಿ, ಅಲ್ಲಿಯ ಹೋಟೆಲೊಂದರಲ್ಲಿ ತಿಂದ ಸ್ಟೇಕ್, ಅಂದರೆ ದನದ ಮಾಂಸದ ದಪ್ಪ ತುಂಡಿನ ಬಗ್ಗೆ ಬರೆದಿದ್ದ. ಹೊರಗೆ ಹಿಮ, ಮೇಜಿನ ಮೇಲೆ ಮೇಣದಬತ್ತಿ, ಮಾಂಸದ ಮೇಲೆ ವೈನಿನ ಕಪ್ಪು ಸಾಸು. ಸುತ್ತಲೂ ಜೋಡಿಗಳು, ನಾನೊಬ್ಬನೇ ಒಂಟಿ, ಎದುರಿಗೆ ನೀನಿರಬೇಕಿತ್ತು ಎಂದು ಬರೆದಿದ್ದ. ಅವನು ಅಷ್ಟು ಉದ್ದ ಬರೆದದ್ದು ಅದೊಂದೇ ಸಲ.

ಶನಿವಾರ ಬೆಳಿಗ್ಗೆ ತೋಲಿಚೌಕಿಯ ಮಾಂಸದಂಗಡಿಗೆ ಹೋದೆ. "ಬಡೇ ಕಾ?" ಎಂದು ಅಂಗಡಿಯವನು ಕೇಳಿದ. ಅಂದರೆ ಎಮ್ಮೆಯದೇ ಎಂದು. ಕುರಿಯದಾದರೆ ಛೋಟೇ ಕಾ. ಆ ಮಾತು ನನಗೆ ಕಾಲೇಜಿನ ಗೆಳತಿಯರಿಂದ ಗೊತ್ತಿತ್ತು. "ಹೌ" ಎಂದೆ. ಅವನು ನನ್ನ ಹಣೆಯ ಕುಂಕುಮ ನೋಡಿದ. ಎಲುಬಿಲ್ಲದ, ಮೆತ್ತನೆಯ ಭಾಗದಿಂದ ಎರಡು ದಪ್ಪ ತುಂಡು ಕೊಯ್ದು, "ಮಕ್ಖನ್ ಹೈ ಅಮ್ಮಾ, ಮಕ್ಖನ್" ಎಂದು ಬೆಣ್ಣೆಗೆ ಹೋಲಿಸುತ್ತ ಕಪ್ಪು ಚೀಲದೊಳಗೆ ಇನ್ನೊಂದು ಕಪ್ಪು ಚೀಲ ಹಾಕಿ ಕೊಟ್ಟ. ಆಟೋದಲ್ಲಿ ಅದನ್ನು ತೊಡೆಯ ಮೇಲಿಡಲಾರದೆ, ಕಾಲ ಬಳಿ ಇಡಲೂ ಆಗದೆ, ದಾರಿಯುದ್ದಕ್ಕೂ ಕೈಯಲ್ಲಿ ತೂಗುಹಾಕಿಕೊಂಡೇ ಬಂದೆ.

ಅಮ್ಮ ಕೊಟ್ಟ ಹಂಚು, ಪಾತ್ರೆಗಳನ್ನೆಲ್ಲ ಮೇಲಿನ ಗೂಡಿಗೆ ಎತ್ತಿಟ್ಟೆ. ಹೊಸದೊಂದು ಕಬ್ಬಿಣದ ಬಾಣಲೆ ತಂದಿದ್ದೆ. ಹಸಿ ಮಾಂಸ ಕೈಗೆ ಇಷ್ಟು ತಣ್ಣಗಿರುತ್ತದೆ, ಇಷ್ಟು ಭಾರವಿರುತ್ತದೆ ಎಂದು ತಿಳಿದಿರಲಿಲ್ಲ. ಇಂಟರ್ನೆಟ್ಟಿನಲ್ಲಿ ಓದಿದ್ದಂತೆ ಅದನ್ನು ಕಾಗದದಿಂದ ಒತ್ತಿ ಒರೆಸಿದೆ, ಉಪ್ಪು, ಮೆಣಸಿನಪುಡಿ ಸವರಿದೆ. ಬಾಣಲೆ ಹೊಗೆಯಾಡುವಷ್ಟು ಕಾದ ಮೇಲೆ ಇಟ್ಟೆ. ಎದ್ದ ಸದ್ದಿಗೆ ಹಿಂದೆ ಸರಿದೆ, ಮತ್ತೆ ಮುಂದೆ ಬಂದೆ. ಮಗುಚಿ, ಬೇಯಿಸಿ, ತಟ್ಟೆಗೆ ತೆಗೆದು ಮುಚ್ಚಿಟ್ಟು, ಅದೇ ಬಾಣಲೆಯಲ್ಲಿ ಸಣ್ಣ ಈರುಳ್ಳಿ ಹುರಿದು ವೈನ್ ಸುರಿದೆ. ಹುಳಿ ವಾಸನೆ ಒಮ್ಮೆಲೇ ಮುಖಕ್ಕೆ ಬಡಿದು ಕಣ್ಣಲ್ಲಿ ನೀರು ಬಂತು. ಅದು ಅರ್ಧಕ್ಕಿಳಿದು ಹೊಳೆಯುವ ತನಕ ಕುದಿಸಿ ಬೆಣ್ಣೆ ಹಾಕಿದೆ. ಆಲೂಗಡ್ಡೆಯನ್ನು ಬೇರೊಂದು ಪಾತ್ರೆಯಲ್ಲಿ ಬೇಯಿಸಿಟ್ಟಿದ್ದೆ.

ನಾನು ತಿನ್ನದ ಪದಾರ್ಥಕ್ಕೆ ಉಪ್ಪು ಹೇಗೆ ಹಾಕಿದೆ ಎಂದು ಯಾರಾದರೂ ಕೇಳಬಹುದು. ನಮ್ಮ ಮನೆಯಲ್ಲಿ ಅಡುಗೆ ಮಾಡುವಾಗ ರುಚಿ ನೋಡುವ ಪದ್ಧತಿಯಿಲ್ಲ. ದೇವರಿಗೆ ನೈವೇದ್ಯವಾಗುವ ಮೊದಲು ಏನೂ ಬಾಯಿಗೆ ಹೋಗಕೂಡದು. ಹತ್ತು ಜನಕ್ಕಾದರೂ, ನಲವತ್ತು ಜನಕ್ಕಾದರೂ ಅಮ್ಮ ಉಪ್ಪು ಹುಳಿಯನ್ನು ಕಣ್ಣಿನಿಂದ, ಮೂಗಿನಿಂದ, ಕುದಿಯುವ ಸದ್ದಿನಿಂದ ಅಳೆಯುತ್ತಾಳೆ. ನಾನೂ ಹಾಗೆಯೇ ಕಲಿತವಳು. ದೇವರಿಗೆಂದು ಕಲಿತದ್ದನ್ನು ಎಮ್ಮೆಯ ಮಾಂಸಕ್ಕೆ ಬಳಸುತ್ತಿದ್ದೇನೆ ಎಂಬುದು ಆಗ ಮನಸ್ಸಿಗೆ ಬರದೆ ಇರಲಿಲ್ಲ. ಅಂದು ಅಮ್ಮ ಹಿಮಾಯತ್‌ನಗರದಲ್ಲಿ ಶನಿವಾರದ ಒಪ್ಪತ್ತಿನಲ್ಲಿದ್ದಳು. ನನ್ನ ಒಪ್ಪತ್ತನ್ನು ನಾನು ಆ ದಿನದ ಮಟ್ಟಿಗೆ ಬದಿಗಿಟ್ಟಿದ್ದೆ.

ಅವನು ಹೇಳಿದ ಹೊತ್ತಿಗೇ ಬಂದ. ಕೈಯಲ್ಲಿ ಐಸ್‌ಕ್ರೀಮಿನ ಡಬ್ಬಿ, ಹಣೆಯ ಮೇಲೆ ಸಿಂಧೂರದ ಗೆರೆ.

"ಗುಡಿಗೆ ಹೋಗಿದ್ದೆ, ಹನುಮಪ್ಪನ ಗುಡಿಗೆ. ಏನಿದು, ಮನಿ ತುಂಬ ಹೊಗಿ?"

ಮಾತಾಡುವ ಮೊದಲು ಗುಡಿಗೆ ಹೋಗಿ ಬಂದಿದ್ದಾನೆ ಎಂದುಕೊಂಡು ನನಗೆ ಸಂತೋಷವೇ ಆಯಿತು. ಮೇಣದಬತ್ತಿ ಹಚ್ಚಿ, ತಟ್ಟೆ ತಂದು ಅವನ ಮುಂದಿಟ್ಟೆ. ಅವನು ತಟ್ಟೆ ನೋಡಿದ, ನನ್ನ ಮುಖ ನೋಡಿದ.

"ನೀ ಮಾಡಿದಿ?"

"ಹೂಂ."

"ಕೈಲೆ ಮುಟ್ಟಿ?"

"ಮುಟ್ಟದ ಹೆಂಗ ಮಾಡ್ತಾರ?"

"ಯಪ್ಪಾ! ನಿಮ್ಮಪ್ಪಗ ಗೊತ್ತಾದ್ರ ನನ್ನ ಅಲ್ಲ, ಮೊದಲ ನಿನ್ನ ಕಟ್ಟಿ ಮ್ಯಾಲ ಕುಂದರಸ್ತಾರ!"

ನಾವಿಬ್ಬರೂ ನಕ್ಕೆವು. ಆ ನಗು ನಿಂತ ಮೇಲೂ ಅವನು ಚಾಕು ಎತ್ತಿಕೊಳ್ಳಲಿಲ್ಲ.

"ಇವತ್ತ ಶನಿವಾರ ಐತಲ್ಲ," ಎಂದ.

"ಅದ. ಅದಕ್ಕೇನು?"

"ನಾ ಶನಿವಾರ ಹಿಡದೀನಿ."

ನನಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. ವಾರ, ಒಪ್ಪತ್ತು, ಏಕಾದಶಿ ಇವೆಲ್ಲ ನಮ್ಮಂಥ ಮನೆಗಳ ಕಟ್ಟುಪಾಡು ಎಂದುಕೊಂಡಿದ್ದೆ. ಮಾಂಸ ತಿನ್ನುವವರಿಗೂ ತಿನ್ನದ ದಿನಗಳಿರುತ್ತವೆ ಎಂದು, ಈ ಊರಿನಲ್ಲಿ ಇಷ್ಟು ವರ್ಷ ಎಲ್ಲರ ನಡುವೆ ಇದ್ದೂ, ನಾನು ಯೋಚಿಸಿರಲೇ ಇಲ್ಲ. ಅವನು ಏನು ತಿನ್ನುತ್ತಾನೆ ಎಂದು ತಿಳಿದುಕೊಂಡಿದ್ದೆ. ಯಾವಾಗ ತಿನ್ನುವುದಿಲ್ಲ ಎಂದು ಕೇಳಿರಲಿಲ್ಲ.

"ಮದಲ ಹಿಡೀತಿದ್ದಿಲ್ಲಲ್ಲ. ಆಫೀಸಿನ್ಯಾಗ ಶನಿವಾರನ ಬಿರ್ಯಾನಿ ತಿಂತಿದ್ದಿ."

"ದೀಪಾವಳಿ ಆದಮ್ಯಾಲಿಂದ. ಅಲ್ಲಿದ್ದಾಗ ಅವ್ವ ಫೋನಿನ್ಯಾಗ ಹೇಳಿದ್ಲು."

"ನನಗ ಹೇಳಿದ್ರ ರೊಟ್ಟಿ ಪಲ್ಯಾ ಮಾಡ್ತಿದ್ದೆ."

"ನೀ ಇಷ್ಟೆಲ್ಲಾ ಮಾಡ್ತಿ ಅಂತ ನನಗೇನು ಕನಸು ಬಿದ್ದಿತ್ತಾ? ನಿನ್ನ ಮನ್ಯಾಗ ಹೆಂಗೂ ಕಾಯಿಪಲ್ಯಾನ ಅಂತ ಬಂದೆ." ಅವನ ದನಿಯಲ್ಲಿ ನಿಜವಾದ ಸಂಕಟವಿತ್ತು. ತಟ್ಟೆಯನ್ನು ಸ್ವಲ್ಪ ತಿರುಗಿಸಿದ, ಮೂಲೆಯಲ್ಲಿದ್ದ ಆಲೂಗಡ್ಡೆ ನೋಡಿದ. "ಆಲೂಗಡ್ಡಿ ಬ್ಯಾರೆ ಭಾಂಡ್ಯಾದಾಗ ಮಾಡಿಯೇನು?"

ನಮ್ಮ ಅಮ್ಮ ಇದ್ದಿದ್ದರೆ ಇದೇ ಪ್ರಶ್ನೆಯನ್ನು ಇದೇ ದನಿಯಲ್ಲಿ ಕೇಳುತ್ತಿದ್ದಳು. ನಾನು ಎದ್ದು ಹೋಗಿ, ಪಾತ್ರೆಯಲ್ಲಿ ಉಳಿದಿದ್ದ ಆಲೂಗಡ್ಡೆಯನ್ನು ಬೇರೆ ತಟ್ಟೆಗೆ ಹಾಕಿ, ಮೊಸರಿನ ಬಟ್ಟಲು ತಂದಿಟ್ಟೆ. ಅವನು ಉಣ್ಣತೊಡಗಿದ. ವೈನ್ ಬೇಡವೆಂದ. ಎರಡು ಸ್ಟೇಕ್ ತುಂಡುಗಳೂ ನಮ್ಮ ನಡುವೆ ಇದ್ದವು. ಸಾಸಿನ ಮೇಲೆ ಬೆಣ್ಣೆ ಬಿಳಿಯಾಗಿ ಹೆಪ್ಪುಗಟ್ಟತೊಡಗಿತ್ತು.

ಅವನ ತಾಯಿಗೆ ಮೈ ಹುಷಾರಿಲ್ಲವೇನೋ ಎಂದು ನನಗೆ ಭಯವಾಯಿತು. "ಅವ್ವ ಯಾಕ ಹಿಡಿ ಅಂದ್ರು? ಏನರ ಹರಕಿ ಅದ?"

"ಹೂಂ."

"ಆರಾಮ ಇದ್ದಾರಿಲ್ಲೋ ಅವರು?"

"ಅವ್ವಗೇನು, ಗುಂಡಕಲ್ಲಿನಂಗ ಗಟ್ಟಿ ಅದಾಳ." ಸ್ವಲ್ಪ ಹೊತ್ತು ಮೊಸರು ಕಲಸಿದ. "ಸಿಂಧನೂರಾಗ ಒಂದು ಸಂಬಂಧ ನೋಡ್ಯಾರ. ಕೂಡಿ ಬರ್ಲಿ ಅಂತ ಹನುಮಪ್ಪಗ ಬೇಡ್ಕೊಂಡಾಳ. ಲಗ್ನ ಆಗೂಮಟ ನಾ ಶನಿವಾರ ಹಿಡೀಬೇಕಂತ."

ಕೆಳಗೆ ನೀರಿನ ಟ್ಯಾಂಕರ್ ಬಂದು ನಿಂತು ಹಾರ್ನ್ ಹೊಡೆಯುತ್ತಿತ್ತು.

"ನಾ ಏನ್ ಹೂಂ ಅಂದಿಲ್ಲ ಮತ್ತ," ಎಂದ.

"ಬ್ಯಾಡ ಅಂದಿಯೇನು?"

ಅವನು ಮೊಸರಿನ ಬಟ್ಟಲನ್ನು ಹತ್ತಿರಕ್ಕೆಳೆದುಕೊಂಡ.

"ಹರಕಿ ಹೊತ್ತಾಕಿ ನಿಮ್ಮವ್ವ," ಎಂದೆ. "ಶನಿವಾರ ಹಿಡದಾವ ನೀನು. ಅಲ್ಲಿ ಯಾರ ನೋಡ್ತಿದ್ರು ನಿನ್ನ? ತಿಂದಿದ್ರೂ ಯಾರಿಗೂ ಗೊತ್ತಾಗ್ತಿದ್ದಿಲ್ಲ. ಆದ್ರೂ ಹಿಡದಿ."

"ದೇವರ ವಿಷಯ ಅದು. ಸುಳ್ಳ ಹೆಂಗ ಹೇಳಲಿ?" ಎಂದ. ಮರುಕ್ಷಣವೇ ತಲೆ ತಗ್ಗಿಸಿದ. ಅವನು ಕೆಟ್ಟವನಲ್ಲ. ನನ್ನ ಹತ್ತಿರ ಸುಳ್ಳು ಹೇಳಿದವನೂ ಅಲ್ಲ, ಏಕೆಂದರೆ ನಾನು ಯಾವುದನ್ನೂ ನೇರವಾಗಿ ಕೇಳಿರಲಿಲ್ಲ. ಆ ಚಳಿಯ ಊರಿನಲ್ಲಿ, ಎದುರಿಗೆ ನೀನಿರಬೇಕಿತ್ತು ಎಂದು ಬರೆದವನು, ಅದೇ ತಿಂಗಳುಗಳಲ್ಲಿ ವಾರಕ್ಕೊಂದು ದಿನ ಬ್ರೆಡ್ಡು ತಿಂದುಕೊಂಡು ಇನ್ನೊಂದು ಮದುವೆಗಾಗಿ ವ್ರತ ಹಿಡಿದಿದ್ದ. ಎರಡೂ ಮನಸ್ಸಿನಿಂದಲೇ ಮಾಡಿದ್ದ. ಅದನ್ನು ತಿಳಿದಾಗ ನನಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

"ನಾಳೆ ನಮ್ಮ ಮನಿಗೆ ಬರ್ತಿಯೇನು? ಅಪ್ಪನ ಮುಂದ ಮಾತಾಡಲಿಕ್ಕೆ?" ಮೊದಲ ಬಾರಿಗೆ ನೇರವಾಗಿ ಕೇಳಿದೆ.

"ನಾಳೇನ? ನಾಳೆ ಹೆಂಗ ಆಗ್ತೈತಿ... ಸ್ವಲ್ಪ ಟೈಮ್ ಕೊಡು. ಲಗ್ನದ ಮಾತು ಇನ್ನೂ ದೂರ ಐತಿ. ಅವ್ವನ ಒಂದೀಟು ತಿಳಿ ಹೇಳಿ..."

"ಮೊಸರು ಇನ್ನೊಂದೀಟು ಹಾಕ್ಲೇನು?" ಎಂದೆ.

"ಸಾಕು."

ಅವನು ತನ್ನ ತಟ್ಟೆಯನ್ನು ತಾನೇ ತೊಳೆದಿಟ್ಟ. ಬಾಗಿಲಲ್ಲಿ ನಿಂತು, "ಭಾಳ ಛೊಲೊ ಮಾಡೀದಿ" ಎಂದ. ಯಾವುದನ್ನು ಕುರಿತು ಹೇಳಿದನೋ, ಆಲೂಗಡ್ಡೆಯೇ ಇರಬೇಕು. ಲಿಫ್ಟ್ ಕೆಟ್ಟಿತ್ತು. ಅವನ ಹೆಜ್ಜೆ ಮೆಟ್ಟಿಲಿಳಿಯುವುದು ಕೇಳುತ್ತ ನಿಂತಿದ್ದೆ. ಎಲ್ಲಿಯೂ ನಿಲ್ಲಲಿಲ್ಲ.

ಮಾಂಸವನ್ನು ಹಾಗೆಯೇ ಮುಚ್ಚಿಟ್ಟೆ. ಸಾಸನ್ನು ಸಿಂಕಿಗೆ ಸುರಿದಾಗ ಅದು ಹಿಟ್ಟಿನ ಅಂಬಲಿಯಂತೆ ನಿಧಾನವಾಗಿ ಇಳಿಯಿತು. ಉಪ್ಪು ಸರಿಯಾಗಿತ್ತೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ.

ಬೆಳಿಗ್ಗೆ ಕೂದಲಲ್ಲಿ ಹೊಗೆಯ ವಾಸನೆ ಇನ್ನೂ ಇದ್ದುದರಿಂದ ತಲೆಗೆ ಸ್ನಾನ ಮಾಡಿ, ಬಸ್ಸು ಹಿಡಿದು ಹಿಮಾಯತ್‌ನಗರಕ್ಕೆ ಹೋದೆ. ಅಪ್ಪ ವರಾಂಡದಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಿದ್ದರು. ಬೀಗರಾಗಬಹುದಾದವರನ್ನು ಕರೆತರಲು ನಾಂಪಲ್ಲಿ ಸ್ಟೇಷನ್ನಿಗೆ ಹೊರಟಿದ್ದರು.

"ಬ್ಯಾಡ ಅಂತ ಹೇಳ್ರಿ ಅಪ್ಪಾ," ಎಂದೆ.

ಅವರು ಕನ್ನಡಕ ತೆಗೆದರು. "ಹುಡುಗ ಛೊಲೊ ಇದ್ದಾನವಾ."

"ಹೌದ್ರಿ. ಅವನ ತಪ್ಪೇನಿಲ್ಲ. ನನ್ನ ಮನಸ್ಸಿನ್ಯಾಗ ಹೂಂ ಇಲ್ಲ."

"ಮತ್ತ?" ಕೇಳಲೋ ಬೇಡವೋ ಎಂಬಂತೆ ತಡೆದು ಕೇಳಿದರು. "ಬ್ಯಾರೆ ಯಾರರ ಇದ್ದಾರೇನು? ಇದ್ರ ಹೇಳು. ನಾ ಏನೂ ಅನ್ನಂಗಿಲ್ಲ."

ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು.

"ಇಲ್ರಿ," ಎಂದೆ. ಹಿಂದಿನ ದಿನವಾಗಿದ್ದರೆ ಅದು ಸುಳ್ಳಾಗುತ್ತಿತ್ತು.

"ಹಂಗಾದ್ರ ಯಾಕ ಬ್ಯಾಡಂತ?" ಎಂದು ಅಮ್ಮ ಅಪ್ಪನನ್ನು ಕೇಳಿದಳು, ನಾನು ಅಲ್ಲಿ ಇಲ್ಲವೇ ಇಲ್ಲವೇನೋ ಎಂಬಂತೆ. ಅಪ್ಪ ಚಪ್ಪಲಿ ಮೆಟ್ಟಿದರು. ಸ್ಟೇಷನ್ನಿನಲ್ಲೇ ಹೇಳಿಬಿಡುತ್ತೇನೆ, ಆದರೂ ಅಷ್ಟು ದೂರ ಬಂದವರು ಉಂಡು ಹೋಗಲಿ ಎಂದಷ್ಟೇ ಹೇಳಿ ಹೊರಟರು. ಅಮ್ಮ ಒಳಗೆ ಹೋಗಿ ಹೀರೆಕಾಯಿಯ ಬುಟ್ಟಿ ತಂದು ನನ್ನ ಮುಂದಿಟ್ಟಳು. ನಾನು ನೆಲದ ಮೇಲೆ ಕೂತು ಅವುಗಳ ಸಿಪ್ಪೆ ಹೆರೆದೆ.