ಗ್ರಾನೈಟಿನ ಮೇಲೆ ಒಂದು ತೊಟ್ಟು ಎಣ್ಣೆ

ನನಗೆ ಬಾಯಿ ಜಾಸ್ತಿ ಎಂದು ನಮ್ಮ ರಸ್ತೆಯಲ್ಲಿ ಎಲ್ಲರಿಗೂ ಗೊತ್ತು. ಮೂಡಲಪಾಳ್ಯದಲ್ಲಿ ನಮ್ಮ ಮಾವನವರು ರಾಗಿ ಬೆಳೆಯುತ್ತಿದ್ದ ಜಾಗದಲ್ಲೇ ನಾವು ಮೂರು ಅಂತಸ್ತಿನ ಮನೆ ಎಬ್ಬಿಸಿದ್ದೇವೆ. ಗೇಟಿನ ಒಳಗೆ ಗಾಡಿ ನಿಲ್ಲಿಸುವ ಕಡೆ ಹಾಲುಬಣ್ಣದ ಗ್ರಾನೈಟ್ ಹಾಕಿಸಿದ್ದೇವೆ. ಅದನ್ನು ದಿನಾ ಒರೆಸುವವಳು ನಾನು. ಹಾಗಾಗಿ ಅದರ ಮೇಲೆ ಏನಾದರೂ ಬಿದ್ದರೆ ನನ್ನ ಬಾಯಿ ಸುಮ್ಮನಿರುವುದಿಲ್ಲ.

ಮೇಲಿನ ರೂಮಿನಲ್ಲಿ ಬಾಡಿಗೆಗಿರುವ ಹುಡುಗಿ ಬಿಜಾಪುರದ ಕಡೆಯವಳು. ರಾಜಾಜಿನಗರದ ಒಂದು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಮಷೀನು ನಡೆಸುವ ಕೆಲಸ. ನಮ್ಮಲ್ಲಿಗೆ ಬರುವ ಮುಂಚೆ ಏಳು ಮನೆ ತಿರುಗಿದ್ದಳಂತೆ. ಒಂಟಿ ಹುಡುಗಿ, ಹೊತ್ತಲ್ಲದ ಹೊತ್ತಿನ ಡ್ಯೂಟಿ ಎಂದು ಯಾರೂ ರೂಮು ಕೊಟ್ಟಿರಲಿಲ್ಲ. ಅವಳ ಹತ್ತಿರ ಒಂದು ಕೆಂಪು ಸ್ಪೋರ್ಟ್ಸ್ ಬೈಕಿದೆ. ಚಿಕ್ಕದೇ, ಆದರೆ ಮೂತಿ ಚೂಪು, ಹಿಂದಿನ ಸೀಟು ಆಕಾಶಕ್ಕೆ. ಮೊದಲ ಸಲ ನೋಡಿದಾಗ 'ಹೆಣ್ಣುಮಗಳಿಗೆ ಇದೆಂಥ ಗಾಡಿನಮ್ಮಾ' ಎಂದು ನಾನೇ ಅಂದಿದ್ದೆ. ಅವಳು ನಕ್ಕಿದ್ದಳು.

ಆ ಗಾಡಿಗೆ ಅವಳು ಬೇರೆಯವರ ಕೈ ತಾಗಿಸುವುದಿಲ್ಲ. ಕಾಮಾಕ್ಷಿಪಾಳ್ಯದ ಅಂಗಡಿಯಿಂದ ಸಾಮಾನು ತಂದು ಎಲ್ಲ ತಾನೇ ಮಾಡಿಕೊಳ್ಳುತ್ತಾಳೆ. ಹಿಂದಿನ ಸಲ ಆಯಿಲ್ ಬದಲಾಯಿಸುವಾಗ ಒಂದು ತೊಟ್ಟು ನನ್ನ ಗ್ರಾನೈಟಿನ ಮೇಲೆ ಬಿತ್ತು. ಸೋಪು, ನಿಂಬೆಹಣ್ಣು, ಸೋಡಾಪುಡಿ, ಯಾವುದಕ್ಕೂ ಆ ಕಲೆ ಜಗ್ಗಲಿಲ್ಲ. "ಇನ್ನೊಂದ್ ತೊಟ್ಟು ಬಿತ್ತೋ, ರೂಮ್ ಖಾಲಿ ಮಾಡ್ಬೇಕು ಕಣಮ್ಮಾ, ಈಗ್ಲೇ ಹೇಳಿದೀನಿ," ಎಂದಿದ್ದೆ. ಸಿಟ್ಟಿನ ಮಾತೇ ಹೌದು. ಆದರೆ ವಾಪಸ್ ತೆಗೆದುಕೊಳ್ಳಲಿಲ್ಲ.

ಆ ಶುಕ್ರವಾರ ಅವಳಿಗೆ ರಜೆ. ನಾನು ಹೊಸ್ತಿಲಿಗೆ ಅರಿಶಿನ ಬಳಿಯುತ್ತಾ ಕೂತಿದ್ದೆ. ಎದುರಿಗೇ ಅವಳು ಮತ್ತೆ ಆಯಿಲ್ ಬದಲಾಯಿಸುವ ಕೆಲಸ ಶುರುಮಾಡಿದಳು. ಕೆಳಗೆ ಎರಡು ಪದರ ರಟ್ಟು, ಅದರ ಮೇಲೆ ಪೇಪರು, ಅದರ ಮೇಲೆ ಹಳೇ ಆಯಿಲ್ ಇಳಿಸುವ ಬೇಸಿನ್ನು. ಬಿಚ್ಚಿದ ಬೋಲ್ಟುಗಳನ್ನು ಬಿಚ್ಚಿದ ಕ್ರಮದಲ್ಲೇ ಒಂದು ತಟ್ಟೆಯಲ್ಲಿ ಜೋಡಿಸಿಟ್ಟಳು. ಎಂಜಿನ್ನಿನ ಪಕ್ಕದ ಸಣ್ಣ ಮುಚ್ಚಳ ತೆಗೆದು, ಒಳಗಿಂದ ಕಾಡಿಗೆಯಷ್ಟು ಕಪ್ಪಾಗಿದ್ದ ಹಳೆಯ ಫಿಲ್ಟರ್ ಎಳೆದಳು. ನೆರಿಗೆ ಹಿಡಿದ ಕಾಗದದ ಒಂದು ಗಿಡ್ಡ ಉರುಳೆ, ಒಂದು ತುದಿಗೆ ಮಾತ್ರ ಎಣ್ಣೆ ಹರಿಯುವ ತೂತು, ಅಷ್ಟೆ.

"ಇದು ಗಾಡಿ ಕಿಡ್ನಿ ನೋಡ್ರಿ ಆಂಟಿ," ಎಂದಳು. "ನಂದು ಅಲ್ಲೂ ಇದೇ ಕೆಲಸ, ಇಲ್ಲೂ ಇದೇ ಕೆಲಸ."

ಆ ಕೈಗಳನ್ನು ನೋಡುತ್ತಾ ಕೂತೆ, ನನ್ನ ಅರಿಶಿನ ಬಟ್ಟಲಲ್ಲೇ ಒಣಗತೊಡಗಿತು. ಅವಸರವಿಲ್ಲ, ಅನುಮಾನವೂ ಇಲ್ಲ. ನನ್ನ ಅತ್ತೆ ಕಟ್ಟೆ ಮೇಲೆ ಕೂತು ರಾಗಿ ಕೇರುತ್ತಿದ್ದದ್ದು ಹೀಗೇ ಇತ್ತು. ಒಂದು ಕಾಳು ಆಚೆ ಹಾರುತ್ತಿರಲಿಲ್ಲ.

ಹೊಸ ಫಿಲ್ಟರನ್ನು ಗೂಡಿನಲ್ಲಿ ಕೂರಿಸಿದಳು. ಮುಚ್ಚಳಕ್ಕೆ ಹಾಕುವ ರಬ್ಬರಿನ ಬಳೆ ರೂಮಿನಲ್ಲೇ ಉಳಿದಿದೆ ಎಂದು ಮೇಲಕ್ಕೆ ಓಡಿದಳು. ನನ್ನ ಕೈ ಸುಮ್ಮನಿರಬೇಕಲ್ಲ! ಹೋಗಿ ಆ ಫಿಲ್ಟರನ್ನು ಎಳೆದು ತಿರುಗಿಸಿ ತಿರುಗಿಸಿ ನೋಡಿದೆ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ಗಾಬರಿಯಲ್ಲಿ ಗೂಡಿಗೆ ತುರುಕಿ ಹೊಸ್ತಿಲಿಗೆ ಬಂದು ಕೂತೆ. ಅವಳು ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡು, ಊರಲ್ಲಿರುವ ಅವ್ವನ ಜೊತೆ ಮಾತಾಡುತ್ತಲೇ ಮುಚ್ಚಳ ಹಾಕಿ ಬಿಗಿದಳು. ಹೊಸ ಆಯಿಲ್ ಸುರಿದಳು. ಒಂದು ತೊಟ್ಟೂ ನೆಲಕ್ಕೆ ಬಿದ್ದಿರಲಿಲ್ಲ.

ರಟ್ಟು, ಬೇಸಿನ್ನು ಎಲ್ಲ ಎತ್ತಿಟ್ಟ ಮೇಲೆ ಎಂಜಿನ್ನಿನ ತಲೆಯ ಹತ್ತಿರ ಒಂದು ಪುಟ್ಟ ಬೋಲ್ಟನ್ನು ಸ್ವಲ್ಪ ಸಡಿಲ ಮಾಡಿ, ಕೆಳಗೆ ಬಟ್ಟೆ ಒತ್ತಿ ಹಿಡಿದಳು.

"ಎಲ್ಲಾ ಮುಗೀತಲ್ಲ, ಮತ್ತೆ ಅದ್ಯಾಕೆ?"

"ಎಣ್ಣಿ ಮ್ಯಾಲ ತನಕ ಬರ್ತೈತೋ ಇಲ್ಲೋ ನೋಡ್ಬೇಕ್ರಿ. ಒಂದ ನಿಮಿಷದಾಗ ಇಲ್ಲಿ ಜಿನುಗಬೇಕು. ಇಲ್ಲಾಂದ್ರ ಎಂಜಿನ್ನು ಸುಟ್ಟ ಹೋಗ್ತೈತಿ."

ಗಾಡಿ ಶುರುವಾಯಿತು. ಅವಳು ಕಣ್ಣು ಮಿಟುಕಿಸದೆ ಆ ಬೋಲ್ಟನ್ನೇ ನೋಡುತ್ತಿದ್ದಳು. ತುಟಿ ಸಣ್ಣಗೆ ಎಣಿಸುತ್ತಿತ್ತು. ಏನೂ ಜಿನುಗಲಿಲ್ಲ. ಇನ್ನೂ ಇಲ್ಲ. ಕೀ ತಿರುಗಿಸಿ ನಿಲ್ಲಿಸಿಬಿಟ್ಟಳು. ಅಯ್ಯೋ ಶಿವನೇ, ಅದನ್ನು ನಾನು ಯಾವ ಕಡೆಯಿಂದ ತುರುಕಿದೆ?

ಹೇಳಬೇಕಿತ್ತು. ಹೇಳಲಿಲ್ಲ. ಅವಳು ಮತ್ತೆ ಮುಚ್ಚಳದ ಬೋಲ್ಟು ಬಿಚ್ಚಿದಳು. ಈ ಸಲ ಬೇಸಿನ್ನು ಎಳೆಯುವುದರೊಳಗೆ ಹೊಸ ಆಯಿಲ್ ಬುಳಕ್ಕನೆ ಹೊರಗೆ ಬಂತು. ಒಂದು ತೊಟ್ಟಲ್ಲ, ಅಂಗೈ ಅಗಲ. ನನ್ನ ಹಾಲುಬಣ್ಣದ ಗ್ರಾನೈಟಿನ ಮೇಲೆ ಜೇನಿನ ಹಾಗೆ ಹರಡಿತು.

ಅವಳು ಫಿಲ್ಟರ್ ಹೊರಗೆಳೆದು ಒಂದು ಕ್ಷಣ ನೋಡಿದಳು. ಕೂಗಾಡಲಿಲ್ಲ, ಸ್ಪ್ಯಾನರ್ ಕುಕ್ಕಲಿಲ್ಲ. ಫಿಲ್ಟರನ್ನು ಒರೆಸಿದಳು, ತಿರುಗಿಸಿದಳು, ಒಳಗಿಟ್ಟಳು. ರಬ್ಬರು, ಮುಚ್ಚಳ, ಬೋಲ್ಟು, ಮತ್ತೆ ಮೊದಲಿಂದ ಅದೇ ಕೈ, ಅದೇ ನಿಧಾನ. ಕಡಿಮೆಯಾದಷ್ಟು ಆಯಿಲ್ ತುಂಬಿದಳು. ಗಾಡಿ ಶುರುಮಾಡಿದಳು. ಸ್ವಲ್ಪ ಹೊತ್ತಿಗೇ ಆ ಬೋಲ್ಟಿನ ಬುಡದಲ್ಲಿ ಸಾಸಿವೆಯಷ್ಟು ಎಣ್ಣೆ ಮಿನುಗಿತು.

"ಬಂತು!" ಎಂದು ಮೊದಲು ಕಿರುಚಿದವಳು ನಾನು.

ಅವಳು ಬೋಲ್ಟು ಬಿಗಿದು ಗಾಡಿ ನಿಲ್ಲಿಸಿ, ನೆಲ ಒರೆಸಲು ಕೂತಳು. ತಲೆ ಎತ್ತದೆ ಹೇಳಿದಳು, "ತಿಂಗಳ ಕಡೀಕ ರೂಮ್ ಖಾಲಿ ಮಾಡ್ತೀನ್ರಿ ಆಂಟಿ. ನೀವು ಹೇಳಿದ್ದು ನೆನಪೈತಿ."

ಮತ್ತೆ ಏಳು ಮನೆ ತಿರುಗುವವಳು ಅವಳು, ಮಾಡಿದ್ದು ನಾನು. ಅರಿಶಿನದ ಬಟ್ಟಲು ಪಕ್ಕಕ್ಕಿಟ್ಟು ಅವಳ ಎದುರಿಗೆ ಬಂದು ಕೂತೆ. "ಅದನ್ನ ತೆಗ್ದು ನೋಡಿದ್ದು ನಾನು ಕಣೇ. ಉಲ್ಟಾ ಹಾಕ್ಬಿಟ್ಟೆ," ಎಂದೆ.

"ಗೊತ್ತಾತ್ರಿ," ಎಂದು ಅವಳು ಫಿಲ್ಟರ್ ಒರೆಸಿದ್ದ ಬಟ್ಟೆಯನ್ನು ಬಿಡಿಸಿ ತೋರಿಸಿದಳು. ಎಣ್ಣೆಯ ನಡುವೆ ಹಳದಿ. ನನ್ನ ಹೆಬ್ಬೆರಳಿನ ಅರಿಶಿನ.

"ಗೊತ್ತಿದ್ದೂ ಖಾಲಿ ಮಾಡ್ತೀನಿ ಅಂದ್ಯಾ? ನನ್ನ ಬಾಯಿಗೆ ಎರಡು ಬಿಗಿಯೋದು ಬಿಟ್ಟು!"

"ಮುಚ್ಚೂಕಿಂತ ಮೊದ್ಲ ನಾ ನೋಡ್ಬೇಕಿತ್ರಿ. ಆಸ್ಪತ್ರ್ಯಾಗ ಆಗಿದ್ರ ಒಂದ ಜೀವ ಹೋಗ್ತಿತ್ತು. ಯಾರ ಮುಟ್ಟಿದ್ರು ಅಂತ ಅಲ್ಲಿ ಕೇಳಂಗಿಲ್ಲ."

ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಆ ಹುಡುಗಿಯ ಮೇಲೆ ಎಂಥದೋ ಹೆಮ್ಮೆ ಬಂತು, ನಾನೇ ಹೆತ್ತವಳ ಹಾಗೆ. ಅವಳ ಕೈಯಿಂದ ಬಟ್ಟೆ ಕಿತ್ತುಕೊಂಡು ನಾನೇ ನೆಲ ಒರೆಸಿದೆ. "ಖಾಲಿ ಗೀಲಿ ಅಂದ್ರೆ ನೋಡು ಮತ್ತೆ," ಎಂದು ಬೈದೆ. ಬೈಗುಳದಲ್ಲೇ ಅಳು ಬಂತು.

ಕಲೆ ಹೋಗಲಿಲ್ಲ. ಬಂದವರು ಕೇಳಿದರೆ ನಾನು ಮಾಡಿದ್ದು ಎನ್ನುತ್ತೇನೆ. ಅವಳು ಈಗಲೂ ಮೇಲೇ ಇದ್ದಾಳೆ. ಫಿಲ್ಟರ್ ಬದಲಾಯಿಸುವ ದಿನ ಫೋನನ್ನು ನನ್ನ ಮಡಿಲಿಗೆ ಹಾಕಿ ಕೂರುತ್ತಾಳೆ. ಮುಚ್ಚಳ ಹಾಕುವ ಮುಂಚೆ "ಆಂಟಿ, ಬರ್ರಿ," ಎಂದು ಕರೆಯುತ್ತಾಳೆ. ನಾನು ಕೈ ಎರಡನ್ನೂ ಹಿಂದಕ್ಕೆ ಕಟ್ಟಿಕೊಂಡು, ಬಗ್ಗಿ ನೋಡಿ, "ಸರಿಯಾಗಿದೆ, ಮುಚ್ಚು," ಎನ್ನುವವರೆಗೂ ಅವಳು ಮುಚ್ಚುವುದಿಲ್ಲ.